ಪಿಟುಪಿ ಜಾಲದೊಳಗಿನ ಕಳ್ಳ ನೋಡ್‌ಗಳು: ಸಿಬಿಲ್, ಎಕ್ಲಿಪ್ಸ್, ಮತ್ತೆ ಆ ಎಕ್ಸಾರ್ ಲೆಕ್ಕ

ಪಿಟುಪಿ ಅಂದರೆ ಕಂಪ್ಯೂಟರ್‌ಗಳು ಮಧ್ಯೆ ಸರ್ವರ್ ಇಲ್ಲದೆ ನೇರ ಮಾತಾಡಿಕೊಳ್ಳುವ ಜಾಲ, ಅದರಲ್ಲಿನ ಒಂದೊಂದು ಕಂಪ್ಯೂಟರೂ ಒಂದು ನೋಡ್. ಅಂಥ ಜಾಲವಾದ ಟೊರೆಂಟ್‌ನಲ್ಲಿ ಬಂದ ಫೈಲಿನ ತುಂಡು ಅಸಲಿಯಾ ಅಂತ ನೋಡುವುದು ಸುಲಭ. ಹ್ಯಾಶ್ (ತುಂಡಿನ ಬೆರಳಚ್ಚಿನಂಥ ಸಂಖ್ಯೆ) ಹೊಂದಲಿಲ್ಲವಾ, ಬಿಸಾಡಿ ಬೇರೆಯವರಿಂದ ತರಿಸಿದರಾಯಿತು. ತುಂಡು ಯಾರ ಹತ್ತಿರ ಇದೆ ಅಂತ ಕೇಳುವಾಗ ಉತ್ತರ ಕೊಡುವವನೇ ಕಳ್ಳನಾದರೆ ಏನು ಮಾಡುವುದು, ಕಷ್ಟ ಇರುವುದು ಅಲ್ಲಿ.

ಸಿಬಿಲ್

ಒಬ್ಬನೇ ನೂರಾರು ನೋಡ್‌ಗಳ ವೇಷ ಹಾಕುವುದು. ಮಲ್ಪೆ ದಕ್ಕೆಯಲ್ಲಿ ಬಂಗುಡೆ ರೇಟ್ ಎಷ್ಟು ಅಂತ ಎಂಟು ಜನರನ್ನು ಕೇಳಿದಿರಿ, ಎಂಟೂ ಜನ ಒಂದೇ ಬೋಟಿನವರು ಅಂದುಕೊಳ್ಳಿ. ಸಿಕ್ಕಿದ್ದು ಒಂದೇ ಉತ್ತರ. ಗುರುತು ಕೊಡುವ ಕೇಂದ್ರ ಇಲ್ಲದೆ ಇದನ್ನು ಪೂರ್ತಿ ತಡೆಯುವುದು ವಾಸ್ತವದಲ್ಲಿ ಆಗದು ಅಂತ ಸಂಶೋಧಕ ಜಾನ್ ಡೌಸರ್ 2002ರಲ್ಲೇ ತೋರಿಸಿದರು. ಡಿಜಿಟಲ್ ಸಹಿ ಇದ್ದರೆ ಸಾಕಲ್ವಾ ಅಂತ ಲ್ಯಾಬಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾಲದು, ಸಹಿಗೆ ಬೇಕಾದ ಕೀ ಜೋಡಿ (ಒಂದು ಗುಟ್ಟಿನದು, ಇನ್ನೊಂದು ಎಲ್ಲರಿಗೂ ತೋರಿಸುವ ಪಬ್ಲಿಕ್ ಕೀ) ಮಾಡುವುದು ಪುಕ್ಕಟೆ, ವೇಷಕ್ಕೊಂದು ಮಾಡಿಕೊಳ್ಳಬಹುದು.

ಐಡಿ ಆರಿಸಿಕೊಳ್ಳುವ ಆಟ (ಇದನ್ನು ಪೆನ್ನು ಹಿಡಿದು ಮಾಡಿ)

ಯಾವ ಫೈಲ್ ಯಾರ ಹತ್ತಿರ ಇದೆ ಅಂತ ಹುಡುಕುವ ಒಂದು ವಿಧಾನ ಕಡೆಮ್ಲಿಯಾ, ಅದರಲ್ಲಿ ನೋಡ್‌ನ ಐಡಿ 160 ಬಿಟ್. ನಮಗೆ ನಾಲ್ಕು ಸಾಕು. ಫೈಲ್‌ನ ಕೀ (ಇಲ್ಲಿ ಫೈಲ್‌ನ ಗುರುತಿನ ಸಂಖ್ಯೆ, ಸಹಿಯ ಕೀ ಅಲ್ಲ) 1011. ಫೈಲ್ ಇರುವವರ ವಿಳಾಸ ಇಟ್ಟುಕೊಳ್ಳುವುದು ಈ ಕೀಗೆ ಅತಿ ಹತ್ತಿರದ ಎರಡು ನೋಡ್ ಅಂತಿರಲಿ. ದೂರ ಅಂದರೆ ಎಕ್ಸಾರ್ (ಬಿಟ್ ಒಂದೇ ಇದ್ದರೆ 0, ಬೇರೆ ಇದ್ದರೆ 1), ಅಷ್ಟೇ.

1000 ಜೊತೆ ಎಕ್ಸಾರ್ ಮಾಡಿದರೆ 0011, ಅಂದರೆ 3.
1110 ಜೊತೆ 0101, ಅಂದರೆ 5.
0011 ಜೊತೆ 1000, ಅಂದರೆ 8.

ಈ ಮೂರೂ ಪ್ರಾಮಾಣಿಕ ನೋಡ್‌ಗಳು. ವಿಳಾಸ ಮೊದಲ ಎರಡರ ಹತ್ತಿರ ಇರುತ್ತದೆ. ಈಗ ಕಳ್ಳ 1010, 1001 ಅಂತ ಎರಡು ಐಡಿ ಹಾಕಿಕೊಂಡು ಬರುತ್ತಾನೆ. ದೂರ 1 ಮತ್ತು 2. ಎರಡೂ ಜಾಗ ಅವನದ್ದೇ ಆಯಿತು. ಫೈಲ್ ಹುಡುಕಿದವರಿಗೆಲ್ಲ ಇನ್ನು ಅವನು ಹೇಳಿದ್ದೇ ವಿಳಾಸ. ಇಡೀ ಜಾಲ ಹಿಡಿಯಬೇಕಾಗಿಲ್ಲ, ಒಂದು ಮೂಲೆ ಸಾಕು!

ಶಾರ್ಟ್‌ಕಟ್: ಎಡದಿಂದ ಎಷ್ಟು ಬಿಟ್ ಒಂದೇ ಇದೆ ಅಂತ ಎಣಿಸಿ, ಜಾಸ್ತಿ ಇದ್ದಷ್ಟು ಹತ್ತಿರ. ಸಮ ಬಂದರೆ ಮಾತ್ರ ಎಕ್ಸಾರ್ ಮಾಡಿ (ಇಲ್ಲಿ 1000, 1001 ಹಾಗೇ ಸಮ ಬರುತ್ತವೆ).

ಹಾಗಾದರೆ ಐಡಿಯನ್ನು ಪಬ್ಲಿಕ್ ಕೀಯ ಹ್ಯಾಶ್ ಮಾಡಿದರೆ ಬೇಕಾದ್ದನ್ನು ಆರಿಸಲು ಆಗದಲ್ವಾ? ಜಾಲದಲ್ಲಿ 10 ಲಕ್ಷ ನೋಡ್ ಇದ್ದರೂ ಅತಿ ಹತ್ತಿರದ ಪ್ರಾಮಾಣಿಕ ನೋಡ್‌ಗೆ ಹೊಂದುವುದು ಸುಮಾರು 20 ಬಿಟ್ ಮಾತ್ರ, ಉಳಿದ 140 ಸುಮ್ನೆ ಲೆಕ್ಕಕ್ಕೆ. ಕಳ್ಳನಿಗೆ 24 ಬಿಟ್ ಹೊಂದಿದರೆ ಧಾರಾಳ, ಅದಕ್ಕೆ ಸರಾಸರಿ 1.7 ಕೋಟಿ ಕೀ ಮಾಡಿ ನೋಡಬೇಕು, ಸಾಮಾನ್ಯ ಲ್ಯಾಪ್‌ಟಾಪ್‌ಗೂ ಅದು ಭಾರ ಅಲ್ಲ. 160 ಅನ್ನುವ ಸಂಖ್ಯೆ ನೋಡಿ ಧೈರ್ಯ ತಂದುಕೊಳ್ಳಬೇಡಿ.

ಅದಕ್ಕೇ 2007ರ ಎಸ್/ಕಡೆಮ್ಲಿಯಾ (ಕಡೆಮ್ಲಿಯಾದ ಭದ್ರಗೊಳಿಸಿದ ರೂಪ) ಐಡಿ ಬೇಕಾದರೆ ಒಂದು ಒಗಟು (ಕಂಪ್ಯೂಟರ್‌ಗೆ ಹೊತ್ತು ಹಿಡಿಯುವ ಲೆಕ್ಕ) ಬಿಡಿಸು ಅನ್ನುತ್ತದೆ. ಹುಡುಕುವಾಗಲೂ ಒಂದಕ್ಕೊಂದು ತಾಗದ ಹಲವು ದಾರಿಗಳಲ್ಲಿ ಹೋಗುತ್ತದೆ. ಬಿಟ್‌ಟೊರೆಂಟ್‌ನ ನಿಯಮ ಪ್ರಸ್ತಾವಗಳಲ್ಲಿ ಒಂದಾದ ಬೆಪ್ 42ರಲ್ಲಿ ಐಡಿಯ ಮೊದಲ 21 ಬಿಟ್ ನಿಮ್ಮ ಐಪಿಗೆ ಕಟ್ಟಿರುತ್ತದೆ, ಒಂದು ಐಪಿಗೆ ಎಂಟೇ ಆಯ್ಕೆ. ಮಣಿಪಾಲದ ಹಾಸ್ಟೆಲ್ ಒಂದರಲ್ಲಿ ಇಡೀ ಬ್ಲಾಕ್ ಒಂದೇ ಐಪಿ ಹಿಂದೆ ಕೂತಿದ್ದರೆ ಪಾಪ, ಅವರೆಲ್ಲ ಆ ಎಂಟು ಮೂಲೆಗಳಲ್ಲೇ ಒತ್ತಿಕೊಂಡು ಇರಬೇಕು. ಆದರೂ ನನಗೆ ಒಗಟಿಗಿಂತ ಇದೇ ಮೇಲು ಅನಿಸುತ್ತದೆ. ಒಗಟನ್ನು ಬಾಡಿಗೆ ಸರ್ವರ್ ಬಿಡಿಸಿಬಿಡುತ್ತದೆ.

ಎಕ್ಲಿಪ್ಸ್

ಸಿಬಿಲ್ ಅಂದರೆ ವೇಷ, ಎಕ್ಲಿಪ್ಸ್ ಅಂದರೆ ಆ ವೇಷಗಳೆಲ್ಲ ಸೇರಿ ನಿಮ್ಮೊಬ್ಬರನ್ನೇ ಸುತ್ತುವುದು. 2015ರಲ್ಲಿ ಸಂಶೋಧಕರು ಬಿಟ್‌ಕಾಯಿನ್ ಮೇಲೆ ಇದನ್ನು ಮಾಡಿ ತೋರಿಸಿದರು: ನೋಡ್‌ನ ವಿಳಾಸ ಪಟ್ಟಿಯಲ್ಲಿ ಕಸ ತುಂಬಿಸು, ಅದು ರೀಸ್ಟಾರ್ಟ್ ಆಗುವವರೆಗೆ ಕಾಯಿ, ಅದು ಹೊರಗೆ ಮಾಡುವ ಎಂಟೂ ಕನೆಕ್ಷನ್ ನಿನ್ನ ಕಡೆಗೇ ಬರುತ್ತವೆ. ಈಗಿನ ಬಿಟ್‌ಕಾಯಿನ್ ಕೋರ್ (ಬಿಟ್‌ಕಾಯಿನ್‌ನ ಮುಖ್ಯ ಸಾಫ್ಟ್‌ವೇರ್) ಮುಚ್ಚುವಾಗ ಹಳೆಯ ಪಿಯರ್‌ಗಳಲ್ಲಿ (ಸಂಪರ್ಕದಲ್ಲಿದ್ದ ನೋಡ್‌ಗಳಲ್ಲಿ) ಎರಡನ್ನು ಬರೆದಿಟ್ಟುಕೊಂಡು, ಮತ್ತೆ ಎದ್ದಾಗ ಮೊದಲು ಅವರನ್ನೇ ಹುಡುಕುತ್ತದೆ.