ಕತ್ತಿನ ಕಪ್ಪು, ಕವರಿನ ಸಾಂಬಾರ್

"ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ ಡಾಕ್ಟ್ರೇ." ಮಂಡ್ಯದಿಂದ ಬಂದಿದ್ದ ತಾಯಿ, ಒಂಬತ್ತು ವರ್ಷದ ಮಗಳ ಜಡೆ ಎತ್ತಿ ಕತ್ತು ತೋರಿಸಿದರು. ಮಖಮಲ್ಲಿನಂಥ ಕಪ್ಪು ಪಟ್ಟಿ. ಕಡಲೆಹಿಟ್ಟು, ನಿಂಬೆಹಣ್ಣು, ತೆಂಗಿನ ನಾರು ಎಲ್ಲ ಆಗಿತ್ತು. ಪಾಪ, ಅಂಚಿನಲ್ಲಿ ಚರ್ಮ ತರಚಿತ್ತು.

ಅದು ಕೊಳೆಯಲ್ಲ. ಇಂಥ ಕಪ್ಪು ಹೆಚ್ಚಾಗಿ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುವುದರ ಗುರುತು. ಸಾಮಾನ್ಯವಾಗಿ ಬೊಜ್ಜಿನಿಂದಾಗಿ ದೇಹ ಇನ್ಸುಲಿನ್ ಮಾತು ಕೇಳದಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಯುತ್ತದೆ. ಆಗ ಚರ್ಮ ಹೀಗೆ ದಪ್ಪವಾಗುತ್ತದೆ.

ಮೈಸೂರಿನಲ್ಲಿ ಮಕ್ಕಳ ಡಾಕ್ಟರ್ ಆಗಿ ನಾನು ಮೊದಲು ಕೇಳುವುದು ಊಟ, ಆಟ, ನಿದ್ದೆ, ಮನೆಯವರ ಸಕ್ಕರೆ ಕಾಯಿಲೆ. ದೊಡ್ಡ ಕಾರಣಗಳು ಇವತ್ತಿಗೂ ಅವೇ. ಈಚೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ: ಬಿಸಿ ಊಟ ಯಾವುದರಲ್ಲಿ ಬರುತ್ತೆ? ಆ ತಾಯಿ ಹೇಳಿದರು, ಟಿಫಿನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಂಜೆ ಹೋಟೆಲ್ ಸಾಂಬಾರ್ ಕವರಲ್ಲಿ.

ಗಟ್ಟಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿ, ಆಹಾರ ತುಂಬಿ ಮಾರುವ ಕೆಲವು ತಗಡಿನ ಡಬ್ಬಿಗಳ ಒಳಲೇಪದಲ್ಲಿ ಬಿಸ್ಫಿನಾಲ್ ಎ ಎಂಬ ರಾಸಾಯನಿಕ ಇರುತ್ತದೆ. ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವುದು ಥ್ಯಾಲೇಟ್ ಎಂಬ ಇನ್ನೊಂದು ರಾಸಾಯನಿಕ. ಎರಡೂ ಹಾರ್ಮೋನುಗಳ ಕೆಲಸದಲ್ಲಿ ಕೈ ಹಾಕುತ್ತವೆ. ಬಿಸಿ, ಎಣ್ಣೆ ತಗುಲಿದರೆ ಇಂಥವು ಊಟಕ್ಕೆ ಬೇಗ ಇಳಿಯುತ್ತವೆ. ಹೋಟೆಲ್ ಕವರಿಗೆ ಏನೇನು ಬೆರೆಸಿದ್ದಾರೆ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಅಲ್ವಾ?

ಇದು ಬೊಜ್ಜಿಗೆ ಹೇಗೆ ಸೇರುತ್ತದೆ? ರಾಗಿ ಹಿಟ್ಟು ಒಂದೇ, ಮುದ್ದೆಯೂ ಆದೀತು, ರೊಟ್ಟಿಯೂ ಆದೀತು. ನಮ್ಮ ಮೂಳೆಮಜ್ಜೆಯ ಎಳೆಯ ಕೋಶಗಳೂ ಹಾಗೇ, ಮೂಳೆಯೂ ಆಗಬಲ್ಲವು, ಕೊಬ್ಬೂ ಆಗಬಲ್ಲವು. ಹಡಗಿನ ಬಣ್ಣದಲ್ಲಿ ಬಳಸುತ್ತಿದ್ದ ಟ್ರೈಬ್ಯುಟೈಲ್‌ಟಿನ್ ಅವನ್ನು ಕೊಬ್ಬಿನ ಕಡೆ ವಾಲಿಸುತ್ತದೆ ಎಂದು ಇಲಿಗಳಲ್ಲಿ ಕಂಡುಬಂತು. ಅಮೆರಿಕದ ವಿಜ್ಞಾನಿ ಬ್ರೂಸ್ ಬ್ಲೂಂಬರ್ಗ್ 2006ರಲ್ಲಿ ಇಂಥವಕ್ಕೆ 'ಒಬೆಸೊಜೆನ್', ಅಂದರೆ ಬೊಜ್ಜು ಹುಟ್ಟಿಸುವಂಥದ್ದು, ಎಂಬ ಹೆಸರು ಕೊಟ್ಟರು. ಮೂತ್ರದಲ್ಲಿ ಬಿಸ್ಫಿನಾಲ್ ಎ ಜಾಸ್ತಿ ಇದ್ದ ಮಕ್ಕಳಲ್ಲಿ ಬೊಜ್ಜೂ ಜಾಸ್ತಿ ಕಂಡಿದೆ. ಅದೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ. ಆದರೂ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಇದರ ದಿನದ ಮಿತಿಯನ್ನು 20,000 ಪಟ್ಟು ತಗ್ಗಿಸಿತು. ಸುಮ್ನೆ ಯಾರೂ ಹಾಗೆ ಮಾಡುವುದಿಲ್ಲ.

ನಮಗೆ ಭಯ ಹೆಚ್ಚಿರಲು ಬೇರೆ ಕಾರಣವೂ ಇದೆ. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಮೇಲೆ 1990ರ ದಶಕದಿಂದ ನಡೆದ ಅಧ್ಯಯನ, ಇಲ್ಲಿನ ಕೂಸುಗಳು ತೂಕದಲ್ಲಿ ಕಡಿಮೆಯಿದ್ದರೂ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟಾಗಿ ಹಿಂದೆ ಬಿದ್ದಿಲ್ಲ ಎಂದು ತೋರಿಸಿತು. ಅದು ರಾಸಾಯನಿಕಗಳ ಅಧ್ಯಯನವಲ್ಲ. ಆದರೆ ಮೊದಲೇ ಕೊಬ್ಬಿನ ಕಡೆ ವಾಲಿರುವ ಮೈಗೆ ಇನ್ನೊಂದು ನೂಕು ಯಾಕೆ ಬೇಕು?

ಸಮಾಧಾನದ ವಿಷಯವೂ ಇದೆ. ಬಿಸ್ಫಿನಾಲ್ ಎ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲದು. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಐದು ಕುಟುಂಬಗಳು ಮೂರು ದಿನ ಪ್ಲಾಸ್ಟಿಕ್ ಮತ್ತು ತಗಡಿನ ಡಬ್ಬಿ ಮುಟ್ಟದ ತಾಜಾ ಊಟ ಮಾಡಿದವು. ಮೂತ್ರದಲ್ಲಿ ಅದರ ಪ್ರಮಾಣ ಸರಾಸರಿ 66 ಪ್ರತಿಶತ ಇಳಿಯಿತು.

ಆ ತಾಯಿಗೆ ಉಜ್ಜುವುದು ನಿಲ್ಲಿಸಿ ಎಂದೆ. ರಕ್ತ ಪರೀಕ್ಷೆ ಬರೆದುಕೊಟ್ಟೆ, ಸಂಜೆ ಒಂದು ಗಂಟೆ ಆಟಕ್ಕೆ ಬಿಡಿ ಎಂದೆ. ಹೋಟೆಲಿಗೆ ಹೋಗುವಾಗ ಸ್ಟೀಲ್ ಕ್ಯಾರಿಯರ್ ಒಯ್ಯಿರಿ ಎಂದಾಗ ಅವರ ಮುಖ ಅರಳಿತು. "ನಮ್ಮತ್ತೆದು ಅಟ್ಟದ ಮೇಲೈತೆ," ಎಂದರು.