ಎಂಗೇಜ್ ಟೋನಿನ ಸದ್ದು ಮತ್ತು ಸುದ್ದಿ

ಕಚೇರಿಯ ಫೋನ್ ವ್ಯವಸ್ಥೆಗೆ ನಾನು ಬರೆದ ಮೊದಲ ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಮೂರೇ ಸಾಲು. ಕರೆಯನ್ನು ಎತ್ತಿಕೋ. ಎಂಗೇಜ್ ಟೋನ್ ಕೇಳಿಸು. ಹತ್ತು ಸೆಕೆಂಡ್ ಆದಮೇಲೆ ಇಟ್ಟುಬಿಡು. ಫೋನ್ ತೆಗೆದುಕೊಳ್ಳುವವರೆಲ್ಲ ಮಾತಿನಲ್ಲಿದ್ದಾಗ ಹೊಸ ಕರೆ ಈ ಮೂರು ಸಾಲಿಗೆ ಬಂದು ಬೀಳಬೇಕು, ಅಷ್ಟೇ. ನನ್ನ ಮೊಬೈಲಿನಿಂದಲೇ ಮಾಡಿ ನೋಡಿದೆ. ಟೂಂ… ಟೂಂ… ಟೂಂ… ಸರಿಯಾಗಿಯೇ ಕೇಳಿಸಿತು. ಕೆಲಸ ಮುಗೀತು ಅಂತ ಎದ್ದೆ.

ತಿಂಗಳ ಕೊನೆಗೆ ವರದಿ ಬಂತು. ಒಂದು ಕರೆಯೂ ತಪ್ಪಿಲ್ಲ, ಎಲ್ಲದರ ಮುಂದೆಯೂ ‘ಉತ್ತರಿಸಲಾಗಿದೆ’ ಅಂತ ಇದೆ. ಮ್ಯಾನೇಜರ್‌ಗೆ ಭಾರಿ ಖುಷಿ. ಅದೇ ವಾರ ಗ್ರಾಹಕರೊಬ್ಬರು ಸಿಟ್ಟಿನಲ್ಲಿ ಕೇಳಿದರು: “ನಿಮ್ಮ ನಂಬರ್ ಯಾವಾಗ್ಲೂ ಎಂಗೇಜ್ ಬರತ್ತೆ, ಹೋಗ್ಲಿ. ಎಂಗೇಜ್ ಕೇಳಿಸ್ಕೊಳ್ಳೋದಕ್ಕೂ ನನ್ನ ದುಡ್ಡು ಯಾಕೆ ಕಟ್ ಆಗ್ಬೇಕು?”

ಉತ್ತರ ನನ್ನ ಮೊದಲನೇ ಸಾಲಿನಲ್ಲೇ ಇತ್ತು. ಅದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು.

ನಾವೆಲ್ಲ ಎಂಗೇಜ್ ಟೋನ್ ಅಂದರೆ ಒಂದು ಸದ್ದು ಅಂದುಕೊಂಡಿದ್ದೇವೆ. ಕಿವಿಗೆ ಬೀಳುವುದು ಸದ್ದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಫೋನ್ ಜಾಲದ ಒಳಗೆ ಹಿಂದಿರುಗಿ ಬರುವುದು ಒಂದು ಸುದ್ದಿ: “ಆ ಕಡೆಯವರು ಬೇರೆ ಮಾತಿನಲ್ಲಿದ್ದಾರೆ.” ಫೋನ್ ಎತ್ತುವ ಮೊದಲೇ ಈ ಸುದ್ದಿ ವಾಪಸ್ ಹೋಗಬೇಕು. ಎತ್ತಿಬಿಟ್ಟ ಮೇಲೆ ಏನು ಕೇಳಿಸಿದರೂ, ಜಾಲದ ಲೆಕ್ಕದಲ್ಲಿ ಅದು ಮಾತುಕತೆ. ಮೀಟರ್ ಓಡಲು ಶುರು.

ಇವತ್ತಿನ ಕಚೇರಿ ಫೋನ್‌ಗಳಲ್ಲಿ ಹೆಚ್ಚಿನವು ಒಂದಕ್ಕೊಂದು ಮಾತಾಡಿಕೊಳ್ಳುವುದು ‘ಸಿಪ್’ ಎಂಬ ಭಾಷೆಯಲ್ಲಿ. ಈಗ ಬಳಕೆಯಲ್ಲಿರುವ ಅದರ ನಿಯಮಗಳು ಪ್ರಕಟವಾದದ್ದು 2002ರಲ್ಲಿ. ಕರೆ ಮಾಡುವ ಕಡೆಯಿಂದ ಮೊದಲು ಒಂದು ಆಹ್ವಾನ ಹೋಗುತ್ತದೆ. ಆ ಕಡೆಯಿಂದ ಮೂರಂಕಿಯ ಉತ್ತರಗಳು ಬರುತ್ತವೆ. 180 ಅಂದರೆ ರಿಂಗ್ ಆಗುತ್ತಿದೆ. 200 ಅಂದರೆ ಎತ್ತಿದರು. 486 ಅಂದರೆ ಇಲ್ಲಿ ಬ್ಯುಸಿ. ವೆಬ್ ಪುಟ ಸಿಗದಿದ್ದಾಗ ಕಾಣುವ 404 ಕೂಡ ಇಲ್ಲಿದೆ, ಏಕೆಂದರೆ ಈ ಅಂಕಿಗಳ ಪದ್ಧತಿಯನ್ನು ಸಿಪ್ ತೆಗೆದುಕೊಂಡದ್ದೇ ವೆಬ್‌ನಿಂದ. ನನಗೆ ಇಷ್ಟವಾದದ್ದು 600. ‘ಎಲ್ಲ ಕಡೆಯೂ ಬ್ಯುಸಿ, ಬೇರೆಲ್ಲೂ ಹುಡುಕಬೇಡಿ’ ಅಂತ ಅದರ ಅರ್ಥ. ಬಾಗಿಲು ಹಾಕಿಕೊಳ್ಳುವುದು ಅಂದರೆ ಇದು.

486ರ ಜೊತೆ ಯಾವ ಸದ್ದೂ ಬರುವುದಿಲ್ಲ, ನೋಡಿ. ಸುದ್ದಿ ತಲುಪಿದ ಮೇಲೆ ಟೂಂ ಟೂಂ ಅನ್ನುವುದು ಕರೆ ಮಾಡಿದವರ ಕಡೆಯ ಕೆಲಸ. ಅವರ ಫೋನೇ ಟೋನ್ ಹುಟ್ಟಿಸಬಹುದು, ಅವರ ಎಕ್ಸ್‌ಚೇಂಜ್ ಹುಟ್ಟಿಸಬಹುದು. ಇಲ್ಲವೇ ‘ನೀವು ಕರೆ ಮಾಡಿದವರು ಬೇರೆ ಕರೆಯಲ್ಲಿದ್ದಾರೆ’ ಎಂಬ ದನಿಯನ್ನು ಅವರ ಮೊಬೈಲ್ ನೆಟ್‌ವರ್ಕ್ ಕೇಳಿಸಬಹುದು. ಹಾಗಾಗಿ ಒಂದೇ 486 ಬೇರೆ ಬೇರೆ ಕಡೆ ಬೇರೆ ಬೇರೆ ರಾಗದಲ್ಲಿ ಕೇಳಿಸುತ್ತದೆ. ಅಮೆರಿಕದಲ್ಲಿ ಸೆಕೆಂಡಿಗೆ 480 ಮತ್ತು 620 ಕಂಪನಗಳ ಎರಡು ಸ್ವರ ಬೆರೆತು, ಅರ್ಧ ಸೆಕೆಂಡ್ ಕೂಗಿ ಅರ್ಧ ಸೆಕೆಂಡ್ ಸುಮ್ಮನಾಗುತ್ತವೆ. ಯುರೋಪಿನ ಬಹಳಷ್ಟು ದೇಶಗಳಲ್ಲಿ 425ರ ಒಂದೇ ಸ್ವರ. ಭಾರತದಲ್ಲಿ 400, ಮುಕ್ಕಾಲು ಸೆಕೆಂಡ್ ಕೂಗು, ಮುಕ್ಕಾಲು ಸೆಕೆಂಡ್ ಮೌನ. ನನ್ನ ಹಳೆಯ ಸ್ಕ್ರಿಪ್ಟ್ ಮಾಡುತ್ತಿದ್ದದ್ದು ಏನು? ಆ ಕಡೆಯವರು ತಾವೇ ಹುಟ್ಟಿಸಿಕೊಳ್ಳಬೇಕಾದ ಸದ್ದನ್ನು ಇಲ್ಲಿಂದ ಕಳಿಸಿ, ಅದನ್ನು ಹೊತ್ತು ತಂದ ಕೂಲಿಯನ್ನು ಅವರಿಂದಲೇ ಕೊಡಿಸುತ್ತಿತ್ತು.

ಕಿವಿಗೆ ಇವೆರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಕಣ್ಣಿಗೆ ತಿಳಿಯುತ್ತದೆ. ಟೋನ್ ಕೇಳುವಾಗ ಮೊಬೈಲ್ ಪರದೆ ನೋಡಿ. 00:01, 00:02 ಅಂತ ಗಡಿಯಾರ ಓಡುತ್ತಿದ್ದರೆ, ಆ ಕಡೆ ಯಾರೋ ಎತ್ತಿದ್ದಾರೆ ಅಂತಲೇ ಲೆಕ್ಕ. ನಾನು ಪರೀಕ್ಷೆ ಮಾಡಿದ ದಿನ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ.

ಈ ಸುದ್ದಿಯನ್ನು ಮೊದಲು ಹೇಳುತ್ತಿದ್ದವರು ಮನುಷ್ಯರು. ಕೈಯಿಂದ ಕರೆ ಜೋಡಿಸುವ ದೊಡ್ಡ ಸ್ವಿಚ್‌ಬೋರ್ಡ್‌ಗಳಲ್ಲಿ ಒಂದೇ ಲೈನಿನ ತೂತು ಹಲವು ಆಪರೇಟರ್‌ಗಳ ಮುಂದೆ ಇರುತ್ತಿತ್ತು. ಬೇರೊಬ್ಬರು ಅದನ್ನು ಆಗಲೇ ಜೋಡಿಸಿದ್ದಾರೋ ಇಲ್ಲವೋ ತಿಳಿಯಬೇಕಲ್ಲ? ಪ್ಲಗ್ಗಿನ ತುದಿಯನ್ನು ತೂತಿನ ಅಂಚಿಗೆ ಸುಮ್ನೆ ತಾಗಿಸುತ್ತಿದ್ದರು. ಕಿವಿಯಲ್ಲಿ ‘ಟಕ್’ ಅಂದರೆ ಲೈನ್ ಬ್ಯುಸಿ. ಆಮೇಲೆ ಅದನ್ನು ಬಾಯಲ್ಲಿ ಹೇಳುತ್ತಿದ್ದರು. ಹೇಳುವವರು ಮನುಷ್ಯರಾದ ಮೇಲೆ ಸುಳ್ಳೂ ಹೇಳಬಹುದು, ಅಲ್ವಾ? ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತನ ಕಥೆಯ ತಿರುಳೇ ಅದು. ಶವಸಂಸ್ಕಾರದ ಏರ್ಪಾಡು ಮಾಡಿಕೊಡುವುದು ಅವನ ಕಸುಬು. ಅದೇ ಕಸುಬಿನ ಎದುರಾಳಿಯ ಹೆಂಡತಿ ಆಪರೇಟರ್ ಆಗಿದ್ದಳಂತೆ, ಇವನಿಗೆ ಬಂದ ಕರೆಗಳನ್ನೆಲ್ಲ ಗಂಡನ ಕಡೆಗೆ ತಿರುಗಿಸುತ್ತಿದ್ದಳಂತೆ. ಕಥೆಗೆ ಎಷ್ಟು ಬಣ್ಣ ಬಳಿದಿದ್ದಾರೋ, ಆದರೆ ಪೇಟೆಂಟ್ ಮಾತ್ರ ನಿಜ. 1891ರಲ್ಲಿ ಅವನಿಗೆ ತಾನೇ ತಾನಾಗಿ ಕರೆ ಜೋಡಿಸುವ ಯಂತ್ರದ ಪೇಟೆಂಟ್ ಸಿಕ್ಕಿತು. ಮರುವರ್ಷ ಇಂಡಿಯಾನಾ ರಾಜ್ಯದ ಲಾ ಪೋರ್ಟ್‌ನಲ್ಲಿ ಅಂಥ ಮೊದಲ ಎಕ್ಸ್‌ಚೇಂಜ್ ಶುರುವಾಯಿತು.

ಯಂತ್ರಕ್ಕೆ ಬಾಯಿಲ್ಲ. ಹಾಗಾಗಿ ಟೋನ್ ಬಂತು. ಹಳೆಯ ಎಕ್ಸ್‌ಚೇಂಜ್‌ಗಳಲ್ಲಿ ಮೋಟಾರಿನಿಂದ ತಿರುಗುವ ಒಂದು ಯಂತ್ರ ಈ ಸದ್ದನ್ನು ಹುಟ್ಟಿಸಿ ತುಂಡು ತುಂಡು ಮಾಡುತ್ತಿತ್ತು, ಎಂಗೇಜ್ ಸಿಕ್ಕ ಎಲ್ಲರಿಗೂ ಅದೊಂದೇ ಮೂಲ. ಇದರಿಂದ ಒಂದು ತಮಾಷೆಯಾಯಿತು. ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ಒಬ್ಬರ ದನಿ ಅದೇ ತಂತಿಯ ಮೂಲಕ ಇನ್ನೊಬ್ಬರಿಗೆ ಮೆಲ್ಲಗೆ ಕೇಳಿಸುತ್ತಿತ್ತು. ಹುಡುಗರು ಬೇಕೆಂದೇ ಬ್ಯುಸಿ ನಂಬರಿಗೆ ಡಯಲ್ ಮಾಡಿ, ಎರಡು ಟೂಂಗಳ ನಡುವಿನ ಮೌನದಲ್ಲಿ ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಿದ್ದರು. ಅರ್ಧ ಸೆಕೆಂಡಿಗೆ ಒಂದು ಪದ!

ಸ್ಕ್ರಿಪ್ಟಿಗೆ ಮರಳೋಣ. ‘ಅಸ್ಟೆರಿಸ್ಕ್’ ಅಂತ ಒಂದು ತಂತ್ರಾಂಶ ಇದೆ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಬರೆದದ್ದು. ಮಾಮೂಲಿ ಕಂಪ್ಯೂಟರನ್ನೇ ಕಚೇರಿಯ ಫೋನ್ ಎಕ್ಸ್‌ಚೇಂಜ್ ಮಾಡಿಬಿಡುತ್ತದೆ. ಇದರಲ್ಲಿ ಕರೆ ಹೇಗೆ ಸಾಗಬೇಕು ಅಂತ ಬರೆದಿಡುವ ಕಡತಕ್ಕೆ ಡಯಲ್ ಪ್ಲಾನ್ ಎನ್ನುತ್ತಾರೆ. ‘ಈ ಎಕ್ಸ್‌ಟೆನ್ಷನ್‌ಗೆ ಡಯಲ್ ಮಾಡು, 20 ಸೆಕೆಂಡ್ ಕಾಯಿ’ ಅಂತ ಬರೆದರೆ, ಕೊನೆಗೆ ಏನಾಯಿತು ಅನ್ನುವುದು ‘ಡಯಲ್‌ಸ್ಟೇಟಸ್’ ಎಂಬ ಪೆಟ್ಟಿಗೆಯಲ್ಲಿ ಬಂದು ಕೂರುತ್ತದೆ. ಬ್ಯುಸಿ ಇತ್ತೇ, ಯಾರೂ ಎತ್ತಲಿಲ್ಲವೇ, ಆ ಫೋನೇ ಸಂಪರ್ಕದಲ್ಲಿ ಇರಲಿಲ್ಲವೇ? ಅದನ್ನು ನೋಡಿ ಮುಂದಿನ ದಾರಿ ಬರೆಯಬಹುದು. ಬ್ಯುಸಿ ಅಂತ ತಿರುಗಿ ಹೇಳಲು ‘ಬ್ಯುಸಿ’ ಎಂಬ ಆಜ್ಞೆಯೇ ಇದೆ. ಕರೆಯನ್ನು ಇನ್ನೂ ಎತ್ತಿಲ್ಲದಿದ್ದರೆ ಅದು ಮರ್ಯಾದೆಯಾಗಿ 486 ಕಳಿಸುತ್ತದೆ. ಆಗಲೇ ಎತ್ತಿಬಿಟ್ಟಿದ್ದರೆ? ಸುದ್ದಿ ಕಳಿಸುವ ಕಾಲ ಮುಗಿದಿರುತ್ತದೆ. ಪಾಪ, ಬರೀ ಟೋನ್ ಕೇಳಿಸುತ್ತದೆ. ಆಜ್ಞೆ ಒಂದೇ, ಅದರ ಮೇಲಿನ ಸಾಲಿನಲ್ಲಿ ‘ಎತ್ತಿಕೋ’ ಅಂತ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇದರ ಪಕ್ಕದಲ್ಲೇ ‘ಕಂಜೆಶನ್’ ಎಂಬ ಇನ್ನೊಂದು ಆಜ್ಞೆ ಇದೆ. ಇವೆರಡನ್ನೂ ಕಲಸಿಬಿಡುವವರು ಜಾಸ್ತಿ. ಬ್ಯುಸಿ ಅಂದರೆ ಮನುಷ್ಯ ಮಾತಿನಲ್ಲಿದ್ದಾನೆ. ಕಂಜೆಶನ್ ಅಂದರೆ ಅವನವರೆಗೆ ಹೋಗಲು ದಾರಿಯೇ ಇಲ್ಲ. ಕರೆ ಯಾಕೆ ಸೇರಲಿಲ್ಲ ಅಂತ ಹೇಳಲು ಹಳೆಯ ಡಿಜಿಟಲ್ ಎಕ್ಸ್‌ಚೇಂಜ್‌ಗಳು ಬಳಸುವ ಅಂಕಿಗಳ ಪಟ್ಟಿಯಲ್ಲಿ ಮೊದಲನೆಯದಕ್ಕೆ 17, ‘ಖಾಲಿ ಲೈನ್ ಇಲ್ಲ’ ಅನ್ನುವುದಕ್ಕೆ 34. ಕಿವಿಗೂ ಬೇರೆ ಬೇರೆ: ಎರಡನೆಯದು ಅವಸರದಲ್ಲಿ ಬಡಿದುಕೊಳ್ಳುತ್ತದೆ, ಕಾಲು ಸೆಕೆಂಡ್ ಕೂಗು, ಕಾಲು ಸೆಕೆಂಡ್ ಮೌನ. ವ್ಯತ್ಯಾಸ ಯಾಕೆ ಬೇಕು ಅಂದರೆ, ದಾರಿ ಇಲ್ಲ ಅಂತ ಗೊತ್ತಾದಾಗ ಜಾಲ ಇನ್ನೊಂದು ದಾರಿ ಹುಡುಕಿ ನೋಡಬಹುದು. ಮನುಷ್ಯನೇ ಬ್ಯುಸಿ ಆಗಿದ್ದರೆ ಯಾವ ದಾರಿಯಲ್ಲಿ ಹೋದರೂ ಅಷ್ಟೇ. ಸ್ಕ್ರಿಪ್ಟ್ ಇಲ್ಲಿ ಸುಳ್ಳು ಹೇಳಿದರೆ, ಹೋಗಬಹುದಾಗಿದ್ದ ಕರೆ ಅರ್ಧದಲ್ಲೇ ಸಾಯುತ್ತದೆ.

ಇನ್ನು ನಿಜವಾದ ತಲೆನೋವು. ಈಗಿನ ಫೋನ್‌ಗಳು ತಾವಾಗಿ ಬ್ಯುಸಿ ಅನ್ನುವುದೇ ಅಪರೂಪ. ಹಳೆಯ ಫೋನಿಗೆ ಒಂದು ಜೊತೆ ತಂತಿ, ಅದರಲ್ಲಿ ಒಂದು ಮಾತು. ರಿಸೀವರ್ ಎತ್ತಿದರೆ ಬ್ಯುಸಿ, ಇಟ್ಟರೆ ಖಾಲಿ. ಇಂಟರ್ನೆಟ್ ಫೋನಿಗೆ ಈ ಕಟ್ಟು ಇಲ್ಲ. ಒಂದು ಕರೆಯಲ್ಲಿ ಇದ್ದಾಗಲೇ ಎರಡನೆಯದು ಬರುತ್ತದೆ, ಮೂರನೆಯದೂ ಬರುತ್ತದೆ. ಮಾತಾಡುತ್ತಿರುವವರ ಕಿವಿಯಲ್ಲಿ ಕಾಲ್ ವೇಟಿಂಗ್‌ನ ಪೀಂ ಪೀಂ. ಹೊರಗಿನವರಿಗೆ ಆರಾಮಾಗಿ ರಿಂಗ್ ಕೇಳಿಸುತ್ತಿರುತ್ತದೆ, ಯಾರೂ ಎತ್ತುವುದಿಲ್ಲ. “ರಿಂಗ್ ಆಗ್ತಿದೆ, ಬೇಕಂತಲೇ ಎತ್ತುತ್ತಿಲ್ಲ” ಅಂತ ಅವರು ಬೈದುಕೊಳ್ಳುತ್ತಾರೆ. ಹಾಗಾಗಿ ಬ್ಯುಸಿ ಅಂದರೆ ಏನು ಅಂತ ತೀರ್ಮಾನಿಸುವ ಹೊಣೆ ಫೋನಿನಿಂದ ಸ್ಕ್ರಿಪ್ಟ್ ಬರೆಯುವವರ ತಲೆಗೆ ಬಂದಿದೆ.

ಸುಲಭವಾಗಿ ಹೊಳೆಯುವ ದಾರಿ: ರಿಂಗ್ ಮಾಡುವ ಮೊದಲು ಆ ಫೋನಿನ ಸ್ಥಿತಿ ಕೇಳು, ಬಳಕೆಯಲ್ಲಿದ್ದರೆ ಬ್ಯುಸಿ ಅನ್ನು. ಇದು ಬಹುಮಟ್ಟಿಗೆ ಸರಿ. ಆದರೆ ಒಂದೇ ಕ್ಷಣಕ್ಕೆ ಎರಡು ಕರೆ ಬಂದರೆ ಎರಡೂ ಕೇಳುತ್ತವೆ, ಎರಡಕ್ಕೂ ‘ಖಾಲಿ’ ಎಂಬ ಉತ್ತರ ಸಿಗುತ್ತದೆ, ಎರಡೂ ಒಳಗೆ ನುಗ್ಗುತ್ತವೆ. ಇದಕ್ಕೆ ಮದ್ದು ಅಂದರೆ ಮೊದಲು ಎಣಿಕೆಯಲ್ಲಿ ಸೇರಿಕೊಂಡು ಆಮೇಲೆ ಎಣಿಸುವುದು. ಬಂದ ಪ್ರತಿ ಕರೆಯೂ ಮೊದಲು ಆ ಎಕ್ಸ್‌ಟೆನ್ಷನ್‌ನ ಗುಂಪಿಗೆ ತನ್ನ ಹೆಸರು ಹಚ್ಚುತ್ತದೆ. ಆಮೇಲೆ ಗುಂಪಿನಲ್ಲಿ ಎಷ್ಟು ಜನ ಅಂತ ನೋಡುತ್ತದೆ. ಒಂದಕ್ಕಿಂತ ಜಾಸ್ತಿ ಇದ್ದರೆ ‘ಬ್ಯುಸಿ’ ಅಂದು ಹಿಂದೆ ಸರಿಯುತ್ತದೆ. ತೀರಾ ಕೆಟ್ಟ ಗಳಿಗೆಯಲ್ಲಿ ಎರಡೂ ಕರೆ ಒಟ್ಟಿಗೆ ಹಿಂದೆ ಸರಿಯಬಹುದು, ಆದರೆ ಎರಡೂ ಒಟ್ಟಿಗೆ ಒಳಗೆ ಹೋಗುವುದಿಲ್ಲ. ಅಸ್ಟೆರಿಸ್ಕ್‌ನಲ್ಲಿ ಇದಕ್ಕೆಂದೇ ‘ಗ್ರೂಪ್’ ಮತ್ತು ‘ಗ್ರೂಪ್ ಕೌಂಟ್’ ಇವೆ. ಎರಡು ಸಾಲಿನ ಕೆಲಸ.

ಒಣ ಟೋನ್ ಬದಲು “ಎಲ್ಲರೂ ಮಾತಿನಲ್ಲಿದ್ದಾರೆ, ಆಮೇಲೆ ಮಾಡಿ” ಅಂತ ಮಾತಿನಲ್ಲೇ ಹೇಳಬಾರದೇ? ಹೇಳಬಹುದು. ಕರೆ ಎತ್ತುವ ಮೊದಲೇ ಆ ಕಡೆಗೆ ದನಿ ಕಳಿಸುವ ಏರ್ಪಾಡು ಸಿಪ್‌ನಲ್ಲಿದೆ, 183 ಎಂಬ ಉತ್ತರದ ಮೂಲಕ. ದನಿ ಮುಗಿದ ಮೇಲೆ 486. ದುಡ್ಡು ಕಟ್ ಆಗುವುದಿಲ್ಲ. ನಡುವಿನ ಜಾಲಗಳೆಲ್ಲ ಆ ದನಿಯನ್ನು ದಾಟಿಸಲೇಬೇಕು ಅಂತಿಲ್ಲ, ಅದೊಂದು ಕೊರತೆ. ವಾಯ್ಸ್‌ಮೇಲ್‌ಗೆ ಕಳಿಸಿದರೆ ಮಾತ್ರ ಎತ್ತಿದ ಹಾಗೆಯೇ.

ಎಷ್ಟು ಜನಕ್ಕೆ ಎಂಗೇಜ್ ಬರುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರ ಅದು. ಒಂದು ಲೈನ್ ಗಂಟೆಯಿಡೀ ಬ್ಯುಸಿ ಇದ್ದರೆ ಅದನ್ನು ಈಗ ಅವನ ಹೆಸರಲ್ಲೇ ಒಂದು ಎರ್ಲಾಂಗ್ ಎನ್ನುತ್ತಾರೆ. ಗಂಟೆಗೆ 100 ಕರೆ, ಒಂದೊಂದೂ ಸರಾಸರಿ 3 ನಿಮಿಷ. ಒಟ್ಟು 300 ನಿಮಿಷ, ಅಂದರೆ 5 ಎರ್ಲಾಂಗ್. ಹಾಗಾದರೆ ಫೋನ್ ಎತ್ತಲು 5 ಜನ ಸಾಕು ಅಂತ ಯಾರಿಗಾದರೂ ಅನಿಸುತ್ತದೆ. ಸೂತ್ರದ ಪ್ರಕಾರ 5 ಜನ ಇದ್ದರೆ 100ಕ್ಕೆ ಸುಮಾರು 28 ಕರೆಗಳಿಗೆ ಎಂಗೇಜ್. 8 ಜನ ಇದ್ದರೆ 7 ಕರೆಗಳಿಗೆ. 10 ಜನ ಇದ್ದರೆ ಎರಡಕ್ಕೂ ಕಡಿಮೆ. ಕರೆಗಳು ಸಾಲಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ, ನಡುವೆ ಎಲ್ಲರೂ ಖಾಲಿ ಕೂತಿರುತ್ತಾರೆ. ಎಂಗೇಜ್ ಸಿಕ್ಕವರು ಸುಮ್ಮನಾಗುತ್ತಾರೆ ಅಂತ ಸೂತ್ರ ನಂಬುತ್ತದೆ. ನಿಜದಲ್ಲಿ ಅವರು ತಕ್ಷಣ ಮತ್ತೆ ಒತ್ತುತ್ತಾರೆ, ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ.

ಸುದ್ದಿ ಇಲ್ಲದೆ ಬರೀ ಸದ್ದನ್ನೇ ನಂಬಿ ಬದುಕುವ ಫೋನ್ ವ್ಯವಸ್ಥೆಗಳೂ ಇವೆ. ಹಳೆಯ ತಾಮ್ರದ ಲೈನ್ ಕಚೇರಿಯ ಯಂತ್ರಕ್ಕೆ ಜೋಡಿಸಿದ್ದರೆ, ಆ ಕಡೆಯವರು ಫೋನ್ ಇಟ್ಟದ್ದು ಕೆಲವು ಲೈನ್‌ಗಳಲ್ಲಿ ತಿಳಿಯುವುದೇ ಇಲ್ಲ. ಎಕ್ಸ್‌ಚೇಂಜ್ ಟೂಂ ಟೂಂ ಅನ್ನುತ್ತದೆ, ಅಷ್ಟೇ. ಯಂತ್ರ ಕಿವಿಗೊಟ್ಟು ಕೇಳುತ್ತಿರಬೇಕು: ಇಷ್ಟು ಹೊತ್ತು ಸದ್ದು, ಇಷ್ಟು ಹೊತ್ತು ಮೌನ, ಮತ್ತೆ ಅಷ್ಟೇ ಸದ್ದು, ಅಷ್ಟೇ ಮೌನ. ಎಷ್ಟು ಸಲ ಕೇಳಿದ ಮೇಲೆ ನಂಬಬೇಕು ಅಂತ ನಾವು ಹೇಳಿಕೊಡಬೇಕು. ಸಂಖ್ಯೆ ಕಡಿಮೆ ಇಟ್ಟರೆ, ತಡೆದು ತಡೆದು ಮಾತಾಡುವವರ ಕರೆಯನ್ನು ಎಂಗೇಜ್ ಟೋನ್ ಅಂದುಕೊಂಡು ಮಧ್ಯದಲ್ಲೇ ಕತ್ತರಿಸಬಹುದು. ಜಾಸ್ತಿ ಇಟ್ಟರೆ ಖಾಲಿ ಲೈನ್ ಸುಮ್ನೆ ಹಿಡಿದುಕೊಂಡು ಕೂರುತ್ತದೆ.

ನನ್ನ ತಪ್ಪನ್ನು ತಿದ್ದಲು ಮೊದಲನೇ ಸಾಲನ್ನು ಅಳಿಸಿ, ಎರಡನೆಯದರ ಜಾಗದಲ್ಲಿ ‘ಬ್ಯುಸಿ’ ಅಂತ ಬರೆದೆ. ಮುಂದಿನ ತಿಂಗಳ ವರದಿಯಲ್ಲಿ ‘ಉತ್ತರಿಸಲಾಗಿದೆ’ ಕುಸಿದು ಬಿದ್ದಿತ್ತು, ‘ಬ್ಯುಸಿ’ ಎಂಬ ಹೊಸ ಸಾಲು ಎದ್ದು ನಿಂತಿತ್ತು. “ಏನು ಕೆಡಿಸಿದೆ?” ಅಂತ ಮ್ಯಾನೇಜರ್ ಕೇಳಿದರು. ಎರ್ಲಾಂಗನ ಲೆಕ್ಕವನ್ನು ಒಂದು ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಮರುವಾರ ಫೋನ್ ಎತ್ತಲು ಇನ್ನಿಬ್ಬರನ್ನು ಕೂರಿಸಿದರು.