ಅಲಾರಂ ಹೊಡೆಯಲ್ವಾ ಸಾರ್?

ಕಾರವಾರದ ಕಡಲತೀರಕ್ಕೆ ನೇವಿಯ ಹಳೆಯ ಟುಪೊಲೆವ್ ವಿಮಾನ ತಂದು ನಿಲ್ಲಿಸಿದ ಮೇಲೆ ನನಗೆ ಕೆಲಸ ಜಾಸ್ತಿಯಾಗಿದೆ. ಸಂಜೆ ವಾಕಿಂಗ್ ಹೋದರೆ ಸಾಕು, ಗುರುತಿನವರು ಯಾರಾದರೂ ಅದರ ಚಕ್ರ ತೋರಿಸಿ ಶುರು ಮಾಡುತ್ತಾರೆ. 'ನೇವಿಯಲ್ಲಿ ನಿಮ್ಮದು ಇದೇ ಕೆಲಸ ಅಲ್ವಾ? ಪೈಲಟ್ ಚಕ್ರ ಇಳಿಸೋದು ಮರೆತರೆ ಅಲಾರಂ ಹೊಡೆಯಲ್ವಾ ಸಾರ್?'

ಹೊಡೆಯುತ್ತದೆ ಮಾರಾಯರೇ. ಅದು ಹೊಡೆಯುತ್ತಿರುವಾಗಲೇ ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸಿದವರಿದ್ದಾರೆ.

2020ರ ಮೇ 22, ಕರಾಚಿ. ಇಳಿಯಲು ಬರುತ್ತಿದ್ದ ಏರ್‌ಬಸ್ ಎ320 ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಜಾಸ್ತಿ. ಇಳಿಸಿದ್ದ ಚಕ್ರವನ್ನು ಮತ್ತೆ ಮೇಲೆತ್ತಿದರು. ವೇಗ ಮೀರಿದೆ ಅಂತ ಒಂದು ಎಚ್ಚರಿಕೆ, ಚಕ್ರ ಇಳಿದಿಲ್ಲ ಅಂತ ಒಂದು, ನೆಲ ಹತ್ತಿರ ಬಂತು ಅಂತ ಇನ್ನೊಂದು. ಎರಡೂ ಎಂಜಿನ್ ರನ್‌ವೇಗೆ ಉಜ್ಜಿದವು. ಅಷ್ಟಾದ ಮೇಲೆ ಮತ್ತೆ ಹಾರಿಸಿದರು. ಉಜ್ಜಿದ ಎಂಜಿನ್‌ಗಳು ಸ್ವಲ್ಪ ಹೊತ್ತಿಗೆ ಕೈಕೊಟ್ಟವು. 99 ಜನರಲ್ಲಿ 97 ಮಂದಿ ಹೋದರು. ಅಲ್ಲೇ ನಿಂತಿದ್ದರೆ ಉಳಿಯುತ್ತಿದ್ದರಾ? ಬಹುಶಃ ತುಂಬಾ ಜನ. 2011ರಲ್ಲಿ ವಾರ್ಸಾದಲ್ಲಿ ಬೋಯಿಂಗ್ 767 ಚಕ್ರವಿಲ್ಲದೇ ಇಳಿದಾಗ 231 ಜನರೂ ಬದುಕಿದರು. ಆದರೆ ಕಾಕ್‌ಪಿಟ್‌ನಲ್ಲಿ ನಾನಿರಲಿಲ್ಲ. ವರದಿ ಓದಿದವನ ಮಾತು ಇದು, ಅಷ್ಟೇ.

'ಅದು ಹೇಗೆ ಕೇಳಿಸಲ್ಲ? ಸುಳ್ಳು' ಅಂತಾರೆ. ಇಲ್ಲೇ ನನಗೆ ಸಿಟ್ಟು ಬರೋದು.

ಹ್ಯಾಂಗರಿನಲ್ಲಿ ವಿಮಾನವನ್ನು ಜಾಕ್ ಮೇಲೆ ಎತ್ತಿ ಚಕ್ರ ಮಡಚಿ, ಬಿಚ್ಚಿ ನೋಡುತ್ತಿದ್ದೆವು. ಚಕ್ರ ಮೇಲಿದ್ದು, ಎಂಜಿನ್ ಶಕ್ತಿ ತಗ್ಗಿಸಲು ಥ್ರಾಟಲ್ ಹಿಂದೆಳೆದರೆ ಹಾರ್ನ್ ಕೂಗಲೇಬೇಕು. ಕೂಗುತ್ತಿತ್ತು, ಕಿವಿ ಹರಿಯುವ ಹಾಗೆ. ಒಂದು ದಿನ ಕೆಳಗೆ ಬೋಲ್ಟ್ ಬಿಗಿ ಮಾಡುತ್ತಿದ್ದ ಜೊತೆಗಾರ ತಲೆ ಎತ್ತಿ, 'ಹಾರ್ನ್ ನಿಂತಿತಾ?' ಅಂದ. ನಿಂತಿರಲಿಲ್ಲ. ಸ್ಪ್ಯಾನರ್ ಜಾರುತ್ತಿತ್ತು, ಅವನ ಧ್ಯಾನವೆಲ್ಲ ಅದರ ಮೇಲೆ. ಕುಡಿದವನಲ್ಲ, ಕಿವುಡನೂ ಅಲ್ಲ, ಒಳ್ಳೆಯ ಕೆಲಸಗಾರ.

1972ರಲ್ಲಿ ಅಮೆರಿಕದ ಮಯಾಮಿ ಹತ್ತಿರ, ಇಳಿಯಲು ಹೊರಟ ವಿಮಾನದಲ್ಲೂ ಹೀಗೇ ಆಯಿತು. ಮುಂದಿನ ಚಕ್ರದ ಹಸಿರು ದೀಪ ಹತ್ತಲಿಲ್ಲ. ಚಕ್ರ ಸರಿಯಾಗೇ ಇಳಿದಿತ್ತು, ಸುಟ್ಟಿದ್ದು ಬಲ್ಬು. ಎಲ್ಲರೂ ಬಲ್ಬಿನ ಹಿಂದೆ ಬಿದ್ದರು. ವಿಮಾನ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಎತ್ತರ ತಪ್ಪಿದೆ ಅಂತ ಸಣ್ಣ ಗಂಟೆ ಹೊಡೆಯಿತು, ಯಾರೂ ಓಗೊಡಲಿಲ್ಲ. 101 ಜನ ಸತ್ತರು.

ಅದಕ್ಕೇ ಚಕ್ರ ಇಳಿಸುವ ಹಿಡಿಕೆ ಕೆಳಗೆ ತಳ್ಳಿದರೆ ಮುಗಿಯಲಿಲ್ಲ. ಮೂರು ಹಸಿರು ದೀಪ ಕಣ್ಣಾರೆ ನೋಡಬೇಕು, ಬಾಯಿಬಿಟ್ಟು ಹೇಳಬೇಕು, ಪಕ್ಕದವನೂ ನೋಡಿ ಹೌದು ಅನ್ನಬೇಕು. ಅಲಾರಂ ಇದೆಯಲ್ಲ ಅಂತ ಇದನ್ನು ಬಿಡುವ ಹಾಗಿಲ್ಲ.

ಮಳೆಗಾಲದಲ್ಲಿ ಬೋಟು ನಿಂತಿದ್ದಾಗ ಬೈತಖೋಲ್ ಬಂದರಿನಲ್ಲಿ ಪರಿಚಯದ ತಾಂಡೇಲರ (ಮೀನುಗಾರಿಕೆ ಬೋಟು ನಡೆಸುವವರು) ಬೋಟು ಹತ್ತಿದ್ದೆ. ಎಂಜಿನ್ ಕಾದರೆ ಕೂಗುವ ಬಜರಿನ ವಯರ್ ಕಿತ್ತು ಟೇಪ್ ಸುತ್ತಿಟ್ಟಿದ್ದರು. 'ಸುಮ್ನೆ ಕೂಗ್ತದೆ ಸಾರ್, ಬಲೆ ಎಳೆಯುವಾಗ ತಲೆ ಚಿಟ್ಟು ಹಿಡೀತದೆ.' ಜೋಡಿಸಿ ಬಂದೆ. ಈಗ ಸಿಕ್ಕಾಗಲೆಲ್ಲ ಅದೇ ದೂರು. ಎಂಜಿನ್ ತಣಿಸುವ ನೀರಿನ ಪಂಪ್ ಒಮ್ಮೆ ಬಿಚ್ಚಿಸಿ ನೋಡಿ ಅಂದಿದ್ದೇನೆ. ಇನ್ನೂ ನೋಡಿಸಿಲ್ಲ.